ಓದಿ ಮುಗಿಸಿದ ಕಾದಂಬರಿಯನ್ನು ಮತ್ತೆ ಓದುವವರಿಗೆ

ಪುಸ್ತಕದ ಕಪಾಟಿನ ಮುಂದೆ ನಿಂತಾಗ, ಇನ್ನೂ ತೆರೆಯದ ಹತ್ತಾರು ಪುಸ್ತಕಗಳನ್ನು ದಾಟಿ ಕೈ ಹೋಗುವುದು ಆಗಲೇ ಓದಿದ್ದರ ಮೇಲೆ. ಕೂಡಲೇ ಸಣ್ಣದೊಂದು ಅಳುಕು: ಕೊಂಡು ತಂದದ್ದೇ ಓದದೆ ಬಿದ್ದಿದೆ, ಇದನ್ನೇ ಮತ್ತೆ ಹಿಡಿದು ಕೂತರೆ ಹೇಗೆ?

ಈ ಅಳುಕನ್ನು ಬಿಟ್ಟುಬಿಡಿ. ಕರ್ಣಪರ್ವದ ತಾಳಮದ್ದಳೆಗೆ ಬಂದು ಕೂತವರಲ್ಲಿ ಕರ್ಣ ಸಾಯುತ್ತಾನೆಂದು ಗೊತ್ತಿಲ್ಲದವರು ಯಾರಿದ್ದಾರೆ? ಶಲ್ಯ ಯಾವಾಗ ರಥದಿಂದ ಇಳಿದು ಹೋಗುತ್ತಾನೆಂಬುದೂ ಗೊತ್ತು. ಹೋಗುವಾಗ ಇವತ್ತಿನ ಅರ್ಥಧಾರಿ, ಅಂದರೆ ಪಾತ್ರದ ಮಾತನ್ನು ಅಲ್ಲೇ ಕಟ್ಟಿ ಆಡುವವನು, ಅವನ ಬಾಯಲ್ಲಿ ಏನು ಹೇಳಿಸುತ್ತಾನೆಂದು ಕೇಳಲು ಜನ ನಿದ್ದೆಗೆಟ್ಟು ಕೂರುತ್ತಾರೆ. ಶಿವಮೊಗ್ಗದ ಬಳಿಯ ಮತ್ತೂರು–ಹೊಸಹಳ್ಳಿಗಳಲ್ಲಿ ಕುಮಾರವ್ಯಾಸನ ಅದೇ ಷಟ್ಪದಿಗಳನ್ನು ಗಮಕಿಗಳು ವಾಚಿಸುತ್ತಲೇ ಬಂದಿದ್ದಾರೆ, ಊರು ಕೇಳುತ್ತಲೇ ಬಂದಿದೆ. ಪಂಪನಂತೂ ತನ್ನ ಕಾವ್ಯದ ಬಗ್ಗೆ ‘ಇದು ನಿಚ್ಚಂ ಪೊಸತರ್ಣವಂಬೊಲ್’, ಕಡಲಿನಂತೆ ಇದು ನಿತ್ಯವೂ ಹೊಸತು, ಎಂದು ತಾನೇ ಹೇಳಿಕೊಂಡ. ಒಂದು ಸಲ ಓದಿ ಮುಚ್ಚಿಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಯಾವ ಕವಿಯೂ ಹಾಗೆ ಹೇಳಲಾರ.

ಆದರೆ ಮರುಓದು ತಂತಾನೇ ಸುಖ ಕೊಡುತ್ತದೆಂದು ನಂಬಬೇಡಿ. ಮೊದಲ ಸಲ ‘ಮುಂದೇನಾಯ್ತು’ ಎಂಬುದು ನಮ್ಮನ್ನು ಎಳೆದುಕೊಂಡು ಹೋಗುತ್ತದೆ. ಎರಡನೇ ಸಲ ಆ ಎಳೆತವಿಲ್ಲ. ಕಣ್ಣಿಗೆ ಬೇರೆ ಕೆಲಸ ಕೊಡದಿದ್ದರೆ ಅದು ನೆನಪಿರುವ ಸಾಲುಗಳ ಮೇಲೆ ಜಾರಿಕೊಂಡು ಹೋಗುತ್ತದೆ. ಐವತ್ತು ಪುಟಕ್ಕೆ ಆಕಳಿಕೆ ಬರುತ್ತದೆ. ಹಾಗಾಗಿ ಈ ಲೇಖನದಲ್ಲಿ ನಾನು ಒತ್ತಿ ಹೇಳುವುದು ಒಂದನ್ನೇ: ಪ್ರತಿ ಮರುಓದಿಗೂ ಒಂದು ಕೆಲಸ ಇಟ್ಟುಕೊಂಡು ಒಳಗೆ ಹೋಗಿ. ಹೇಗೆಂಬುದನ್ನು ಕನ್ನಡದ ಕೆಲವು ಕಾದಂಬರಿಗಳನ್ನೇ ಹಿಡಿದು ಹೇಳುತ್ತೇನೆ. ಅವುಗಳಲ್ಲಿ ಯಾವುದನ್ನಾದರೂ ನೀವು ಇನ್ನೂ ಒಂದು ಸಲವೂ ಓದಿಲ್ಲವಾದರೆ ಆ ಪ್ಯಾರಾ ಬಿಟ್ಟು ಮುಂದೆ ಹೋಗಿ. ಮೊದಲ ಓದಿನ ಕುತೂಹಲ ಮತ್ತೆ ಸಿಗುವಂಥದ್ದಲ್ಲ, ಅದನ್ನು ನಾನು ಕೆಡಿಸಬಾರದು.

ಮೊದಲು ಚಿಕ್ಕದನ್ನು ಹಿಡಿಯಿರಿ

ಮರುಓದು ಎಂದ ಕೂಡಲೇ ಎಲ್ಲರೂ ‘ಪರ್ವ’ವನ್ನೋ ‘ಮಲೆಗಳಲ್ಲಿ ಮದುಮಗಳು’ವನ್ನೋ ಎತ್ತಿಕೊಳ್ಳುತ್ತಾರೆ. ವಾರ ಕಳೆಯುವುದರೊಳಗೆ ಅದು ದಿಂಬಿನ ಪಕ್ಕ ಬೋರಲಾಗಿ ಬಿದ್ದಿರುತ್ತದೆ. ಅಭ್ಯಾಸವಾಗುವ ತನಕ ಒಂದು ಭಾನುವಾರದಲ್ಲಿ ಮುಗಿಯುವ ಪುಸ್ತಕ ಸಾಕು. ನನ್ನನ್ನು ಕೇಳಿದರೆ ತೇಜಸ್ವಿಯವರ ‘ಕರ್ವಾಲೊ’ದಿಂದ (1980) ಶುರು ಮಾಡಿ ಎನ್ನುತ್ತೇನೆ.

ಮೊದಲ ಓದಿನಲ್ಲಿ ನಮ್ಮ ತಲೆಯಲ್ಲಿ ತುಂಬಿಕೊಂಡಿರುವುದು ಹಾರುವ ಓತಿ ಸಿಗುತ್ತದೋ ಇಲ್ಲವೋ ಎಂಬುದೊಂದೇ. ಅದು ಕೊನೆಗೆ ಏನು ಮಾಡುತ್ತದೆಂದು ಗೊತ್ತಿಟ್ಟುಕೊಂಡು ಓದಿದರೆ, ಇಷ್ಟು ನಿಧಾನವಾಗಿ, ಇಷ್ಟು ಬಳಸಿಕೊಂಡು ತೇಜಸ್ವಿ ಯಾಕೆ ಬರುತ್ತಿದ್ದಾರೆಂಬುದು ಕಾಣತೊಡಗುತ್ತದೆ. ಕಥೆ ಶುರುವಾಗುವುದು ಮೂಡಿಗೆರೆಯ ಜೇನು ಸೊಸೈಟಿಯಲ್ಲಿ. ಆಮೇಲೆ ಮಂದಣ್ಣನ ಮದುವೆಯ ತರಲೆ, ಕಳ್ಳಭಟ್ಟಿಯ ಕೇಸು, ಬಿರಿಯಾನಿ ಕರಿಯಪ್ಪನ ಅವಾಂತರ. ಮೊದಲ ಸಲ ಇವೆಲ್ಲ ನಗಿಸುವ ಅಡ್ಡದಾರಿಗಳಂತೆ ಕಂಡಿದ್ದವು. ಕರ್ವಾಲೊರಂಥ ವಿಜ್ಞಾನಿ ಈ ಹಳ್ಳಿಹೈದನ ಬೆನ್ನಿಗೆ ಯಾಕೆ ಬಿದ್ದಿದ್ದಾರೆಂಬ ಪ್ರಶ್ನೆಯನ್ನು ಹಿಡಿದು ಎರಡನೇ ಸಲ ಓದಿ ನೋಡಿ. ಮಂದಣ್ಣ ಬಾಯಿ ಬಿಟ್ಟ ಕಡೆಯೆಲ್ಲ ಪೆನ್ಸಿಲ್ ಗುರುತು ಬೀಳುತ್ತದೆ.

ಆರಿಸುವಾಗ ಒಂದು ಪರೀಕ್ಷೆ: ಪುಸ್ತಕವನ್ನು ನಡುವೆ ಎಲ್ಲಾದರೂ ತೆರೆದು ಎರಡು ಪುಟ ಓದಿ. ಹಿಂದುಮುಂದಿನ ಕಥೆಯ ಹಂಗಿಲ್ಲದೆ ಆ ಎರಡು ಪುಟವೇ ಹಿಡಿದು ಕೂರಿಸಿದರೆ ಪುಸ್ತಕ ಮತ್ತೆ ಓದಿಸಿಕೊಳ್ಳುತ್ತದೆ. ಬರೀ ಘಟನೆಗಳ ಸುದ್ದಿಯಂತೆ ಕಂಡರೆ ಸದ್ಯಕ್ಕೆ ಬಿಡಿ. ಪತ್ತೇದಾರಿ ಕಾದಂಬರಿಗಳನ್ನು ಈ ಲೆಕ್ಕಕ್ಕೆ ಹಿಡಿಯಬಾರದು. ಕೊಲೆಗಾರ ಯಾರೆಂದು ಗೊತ್ತಿದ್ದೇ, ಅವನನ್ನು ಲೇಖಕ ನಮ್ಮ ಕಣ್ಣೆದುರಿಗೇ ಹೇಗೆ ಬಚ್ಚಿಟ್ಟಿದ್ದ ಎಂದು ಹುಡುಕುವುದರಲ್ಲಿ ಬೇರೆಯದೇ ಮಜಾ ಇದೆ.

ಹದಿನಾರನೇ ವಯಸ್ಸಿನಲ್ಲಿ ಅತ್ತು ಓದಿದ್ದ ಪುಸ್ತಕವನ್ನು ಮಾತ್ರ ಮೊದಲ ಸರದಿಗೇ ತೆಗೆಯಬೇಡಿ. ಅದರ ವಿಷಯ ಆಮೇಲೆ.

ಪ್ರತಿಯನ್ನು ನೋಡಿಕೊಳ್ಳಿ

ಹಳೆಯ ಪ್ರತಿಯೇ ಇದ್ದರೆ ಅದರಲ್ಲೇ ಓದುವುದು ಒಳ್ಳೆಯದು. ಯಾವ ಮಾತು ಎಡಪುಟದ ಕೆಳಗಿತ್ತು ಎಂಬುದೆಲ್ಲ ಕಣ್ಣಿಗೆ ನೆನಪಿರುತ್ತದೆ. ಬೇಕಾದ ಜಾಗ ಬೇಗ ಸಿಗುತ್ತದೆ. ಆದರೆ ಎಪ್ಪತ್ತು–ಎಂಬತ್ತರ ದಶಕದ ಅಗ್ಗದ ಕಾಗದ ಈಗ ಮುಟ್ಟಿದರೆ ಮುರಿಯುವ ಸ್ಥಿತಿಯಲ್ಲಿರಬಹುದು. ಹರಿದ ಹಾಳೆಗೆ ಸೆಲ್ಲೋಟೇಪ್ ಹಚ್ಚಬೇಡಿ. ಕೆಲವೇ ವರ್ಷಗಳಲ್ಲಿ ಅಂಟು ಕಂದುಗಟ್ಟಿ ಅಕ್ಷರವನ್ನೇ ನುಂಗುತ್ತದೆ. ಹೊಲಿಗೆ ಬಿಟ್ಟಿದ್ದರೆ ಬೈಂಡಿಂಗ್‌ಗೆ ಕೊಡಿ. ಕೊಡುವಾಗ ‘ಅಂಚು ಕತ್ತರಿಸಬೇಡಿ’ ಎಂದು ಎರಡು ಸಲ ಹೇಳಿ, ಒಳರಟ್ಟಿನ ಮೇಲೆ ಚೀಟಿಯನ್ನೂ ಅಂಟಿಸಿ. ಬೈಂಡರುಗಳಿಗೆ ಮೂರು ಕಡೆ ನೀಟಾಗಿ ಕತ್ತರಿಸುವುದೇ ಕಸುಬಿನ ಅಂದ. ನಿಮ್ಮ ಹಳೆಯ ಟಿಪ್ಪಣಿಗಳು ಇರುವುದು ಆ ಅಂಚಿನಲ್ಲೇ. ಮೈದಾ ಅಂಟು ಬಳಸುವವರಾದರೆ ಮೈಲುತುತ್ತ ಹಾಕುತ್ತಾರೆಯೇ ಎಂದು ವಿಚಾರಿಸಿ, ಇಲ್ಲದಿದ್ದರೆ ಹುಳಕ್ಕೆ ಹಬ್ಬ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಪುಸ್ತಕಗಳನ್ನು ಗೋಡೆಗೆ ಒತ್ತಿ ಇಡಬಾರದೆಂದು ಅವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಪ್ರತಿ ಕಳೆದುಹೋಗಿದ್ದರೆ ಹೊಸ ಮುದ್ರಣ ಕೊಳ್ಳಿ, ಇಲ್ಲವೇ ಬೆಂಗಳೂರಿನ ಅವೆನ್ಯೂ ರಸ್ತೆಯಂಥ ಕಡೆ ಹಳೆಯದನ್ನು ಹುಡುಕಿ. ಹೊರದೇಶದಲ್ಲಿರುವವರಿಗೆ ಕನ್ನಡ ಇ-ಪುಸ್ತಕಗಳು ಈಗ ಮೊಬೈಲಿನಲ್ಲೇ ಸಿಗುತ್ತವೆ. ಮರುಓದಿಗೆ ಅವುಗಳಲ್ಲೊಂದು ಅನುಕೂಲವೂ ಇದೆ, ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು. ಮೊದಲ ಓದಿಗೂ ಈಗಿನದಕ್ಕೂ ನಡುವೆ ಚಾಳೀಸು ಬಂದಿರುತ್ತದಲ್ಲ!

ಒಂದು ಕೆಲಸ ಇಟ್ಟುಕೊಂಡು ಒಳಗೆ ಹೋಗಿ

ಎಲ್ಲಕ್ಕಿಂತ ಸುಲಭದ ಮತ್ತು ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಕೆಲಸವೆಂದರೆ, ಮೊದಲ ಸಲ ಬದಿಯಲ್ಲಿ ನಿಂತಿದ್ದ ಪಾತ್ರವೊಂದರ ಹಿಂದೆ ಹೋಗುವುದು.

ಅನಂತಮೂರ್ತಿಯವರ ‘ಸಂಸ್ಕಾರ’ (1965) ತೆಗೆದುಕೊಳ್ಳಿ. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ, ಹೆಣ ಸುಡುವವರು ಯಾರೆಂದು ತೀರ್ಮಾನವಾಗುತ್ತಿಲ್ಲ. ಕಾಲೇಜಿನಲ್ಲಿ ಓದಿದವರೆಲ್ಲ ಪ್ರಾಣೇಶಾಚಾರ್ಯರ ತೊಳಲಾಟದೊಳಗೆ ಸಿಕ್ಕಿಕೊಂಡವರೇ. ಪಾಠ ಮಾಡಿದವರೂ ಅದನ್ನೇ ಹೇಳಿದರು, ಪರೀಕ್ಷೆಗೆ ಬಂದದ್ದೂ ಅದೇ. ಈಗ ಚಂದ್ರಿ ಕಾಣಿಸಿಕೊಳ್ಳುವ ಪುಟಗಳನ್ನಷ್ಟೇ ಗುರುತು ಮಾಡಿಕೊಳ್ಳುತ್ತಾ ಓದಿ. ಅಗ್ರಹಾರ ಧರ್ಮಶಾಸ್ತ್ರ ತಿರುವಿ ಹಾಕುತ್ತಿರುವಾಗಲೇ, ಕಾದಂಬರಿಯ ನಡುಭಾಗದಲ್ಲೇ, ಅವಳು ರಾತ್ರಿ ಅಹಮದ್ ಬ್ಯಾರಿಯನ್ನು ಕರೆತಂದು ಹೆಣವನ್ನು ಸುಡಿಸಿ, ಕುಂದಾಪುರದ ಕಡೆ ಹೊರಟುಬಿಡುತ್ತಾಳೆ. ಸಮಸ್ಯೆ ಅಲ್ಲಿಗೆ ಮುಗಿಯಿತು! ಅದು ಮುಗಿದದ್ದು ಆಚಾರ್ಯರಿಗೆ ಗೊತ್ತಿಲ್ಲ, ಬ್ರಾಹ್ಮಣರಿಗೆ ಗೊತ್ತಿಲ್ಲ, ಓದುಗನಿಗೆ ಗೊತ್ತು. ಮೊದಲ ಓದಿನಲ್ಲಿ ನಾವು ಆಚಾರ್ಯರ ಕಳವಳದಲ್ಲಿ ಎಷ್ಟು ಮುಳುಗಿರುತ್ತೇವೆಂದರೆ ಈ ಸಂಗತಿಯನ್ನು ಓದಿಯೂ ಮರೆತಿರುತ್ತೇವೆ. ಚಂದ್ರಿಯ ಕಡೆಯಿಂದ ಓದಿದವರಿಗೆ ಮುಂದಿನ ಭಾಗದ ಅಲೆದಾಟ, ಪುಟ್ಟನ ಜೊತೆಗಿನ ಮೇಳಿಗೆಯ ತೇರು, ಎಲ್ಲದರ ಬಣ್ಣವೇ ಬೇರೆ. ಆಚಾರ್ಯರ ಮೇಲಿನ ಮರುಕ ಹೋಗುವುದಿಲ್ಲ, ಅದರ ಜೊತೆಗೆ ತೆಳ್ಳನೆಯ ನಗುವೊಂದು ಸೇರಿಕೊಳ್ಳುತ್ತದೆ. ಕಾದಂಬರಿ ನನಗೆ ಹೆಚ್ಚು ಇಷ್ಟವಾದದ್ದು ಹೀಗೆ ಓದಿದ ಮೇಲೆಯೇ.

ಇಲ್ಲೇ ಒಂದು ಎಚ್ಚರಿಕೆ. ಮರುಓದಿಗೆ ಸ್ವಲ್ಪ ಮುಂಚೆ ಸಿನಿಮಾ ನೋಡಬೇಡಿ. 1970ರ ಚಿತ್ರ ನೋಡಿ ಬಂದರೆ ಆಚಾರ್ಯರ ಮುಖ ಗಿರೀಶ ಕಾರ್ನಾಡರದ್ದು, ನಾರಣಪ್ಪನದು ಲಂಕೇಶರದ್ದು. ಮುನ್ನೂರು ಸಲ ತಲೆ ಕೊಡವಿದರೂ ಹೋಗುವುದಿಲ್ಲ. ಓದು ಮುಗಿಸಿ ನೋಡಿ, ಧಾರಾಳವಾಗಿ ಜಗಳ ಆಡಬಹುದು.

ಕಾರಂತರ ‘ಮರಳಿ ಮಣ್ಣಿಗೆ’ಯಲ್ಲೂ ಹೀಗೇ. ಮೂರು ತಲೆಮಾರಿನ ಕಥೆ, ರಾಮ ಐತಾಳರಿಂದ ಮೊಮ್ಮಗ ರಾಮನವರೆಗೆ. ಗಂಡಸರ ಹೆಸರು ಹಿಡಿದೇ ನಾವು ಅದನ್ನು ನೆನಪಿಟ್ಟುಕೊಳ್ಳುತ್ತೇವೆ. ಮುಂದಿನ ಸಲ ಪಾರೋತಿ, ಸರಸೋತಿ, ನಾಗವೇಣಿ ಈ ಮೂವರು ಕೈಯಲ್ಲಿ ಏನು ಕೆಲಸ ಹಿಡಿದಿದ್ದಾರೆಂಬುದನ್ನು ಮಾತ್ರ ಬರೆದುಕೊಳ್ಳುತ್ತಾ ಹೋಗಿ. ಮನೆ, ಹಟ್ಟಿ, ಗದ್ದೆ ಮೂರನ್ನೂ ನಡೆಸಿಕೊಂಡು ಬಂದವರು ಯಾರೆಂದು ನಿಮ್ಮ ಪಟ್ಟಿಯೇ ಹೇಳುತ್ತದೆ. ಸರಸೋತಿಯಂಥ ವಿಧವೆ ತಂಗಿಯೊಬ್ಬಳು ನಮ್ಮೆಲ್ಲರ ಹಿರಿಯರ ಮನೆಗಳಲ್ಲೂ ಇದ್ದಳು. ಹತ್ತೊಂಬತ್ತರ ಹರೆಯದಲ್ಲಿ ಅವಳನ್ನು ಗಮನಿಸುವ ಪುರಸೊತ್ತು ಯಾರಿಗಿತ್ತು?

ಪಾತ್ರವೇ ಆಗಬೇಕೆಂದಿಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಮರುಓದಿಗೆ ನಾನು ಹೇಳುವ ಕೆಲಸ ನಕ್ಷೆ ಬರೆಯುವುದು. ಮೊದಲ ಸಲ ಓದುವವರು ಹೆಸರುಗಳ ನಡುವೆ ದಾರಿ ತಪ್ಪುತ್ತಾರೆ. ಸಿಂಬಾವಿ ಯಾವುದು, ಹಳೆಮನೆ ಯಾವುದು, ಕೋಣೂರಿಗೂ ಬೆಟ್ಟಳ್ಳಿಗೂ ಹೂವಳ್ಳಿಗೂ ಏನು ಸಂಬಂಧ, ಯಾರ ಮನೆಯ ಆಳು ಯಾರ ಮನೆಯ ಹುಡುಗಿಯನ್ನು ಹಾರಿಸಿಕೊಂಡು ಹೋಗುತ್ತಿದ್ದಾನೆ, ಒಂದೂ ನೆಟ್ಟಗೆ ಕೂರುವುದಿಲ್ಲ. ಎರಡನೇ ಸಲ ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಪ್ರತಿ ಮನೆಗೂ ಒಂದು ಚೌಕ. ಅದರೊಳಗೆ ಒಡೆಯರು, ಕೆಳಗೆ ಅವರ ಹೊಲಗೇರಿಯ ಆಳುಗಳು. ಯಾರು ಎಲ್ಲಿಂದ ಎಲ್ಲಿಗೆ ನಡೆದರೋ ಅಲ್ಲಿಗೊಂದು ಗೆರೆ. ಅಳತೆ ಸರಿಯಾಗಿರಬೇಕಿಲ್ಲ. ನೂರು ಪುಟ ದಾಟುವ ಹೊತ್ತಿಗೆ ಒಂದು ವಿಷಯ ಹಾಳೆಯ ಮೇಲೆ ಕಾಣುತ್ತದೆ: ಅತಿ ಹೆಚ್ಚು ಗೆರೆ ಇರುವುದು ಗುತ್ತಿಯಂಥವರ ಹೆಸರಿನಲ್ಲಿ. ಹೆಗ್ಗಡೆ–ಗೌಡರು ಜಗಲಿಯಲ್ಲಿ ಕೂತಿದ್ದಾರೆ, ಕಾಡು ದಾಟಿ ಸುದ್ದಿ ಹೊತ್ತು ತರುವವರು ಆಳುಗಳು. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಪುಸ್ತಕದ ಬಾಗಿಲಲ್ಲೇ ಕುವೆಂಪು ಬರೆದದ್ದನ್ನು ಎಲ್ಲರೂ ಉದ್ಧರಿಸುತ್ತಾರೆ. ನಿಮ್ಮ ನಕ್ಷೆಯಲ್ಲಿ ಅದು ಪೆನ್ಸಿಲ್ ಗೆರೆಗಳಾಗಿ ಎದುರಿಗೆ ಬಂದಿರುತ್ತದೆ.

ಇನ್ನೂ ಒಂದು ಸಲ ಓದುವ ಉಮೇದಿದ್ದರೆ ಹುಲಿಯನನ್ನು ಹಿಂಬಾಲಿಸಿ. ಹೌದು, ನಾಯಿಯನ್ನೇ. ಗುತ್ತಿಗೆ ನಾಯಿಗುತ್ತಿ ಎಂದು ಹೆಸರು ಬರುವಷ್ಟು ಅವನಿಗೆ ಅಂಟಿಕೊಂಡ ನಾಯಿ. ತುಂಗೆಯ ನೆರೆಯಲ್ಲಿ ಅದಕ್ಕೇನಾಗುತ್ತದೆಂದು ಓದಿದವರಿಗೆ ಗೊತ್ತು. ಗೊತ್ತಿದ್ದುಕೊಂಡು ಮೊದಲ ಅಧ್ಯಾಯಕ್ಕೆ ಹೋದರೆ, ಅದು ಬಾಲ ಅಲ್ಲಾಡಿಸಿದ ಕಡೆಯೆಲ್ಲ ಗಂಟಲು ಕಟ್ಟುತ್ತದೆ. ಇದು ಮೊದಲ ಓದಿನಲ್ಲಿ ಸಾಧ್ಯವೇ ಇಲ್ಲದ ಅನುಭವ. ಸಿ. ಬಸವಲಿಂಗಯ್ಯ 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಇದನ್ನು ರಾತ್ರಿಯಿಡೀ ನಡೆಯುವ ನಾಟಕವಾಗಿಸಿದಾಗ ಬೆಳಗಿನವರೆಗೆ ಕೂತವರಲ್ಲಿ ಕಾದಂಬರಿ ಓದಿದ್ದವರು ಬೇಕಾದಷ್ಟಿದ್ದರು. ಅವರೂ ಅಲ್ಲಿ ಮಾಡುತ್ತಿದ್ದುದು ಮರುಓದನ್ನೇ.

ಬೇರೆ ಕೆಲಸಗಳೂ ಇವೆ, ಬೇಕಾದ್ದು ಆರಿಸಿಕೊಳ್ಳಿ: ಊಟ–ತಿಂಡಿಯ ಉಲ್ಲೇಖಗಳು, ಮಳೆ ಬರುವ ದೃಶ್ಯಗಳು, ಸಾಲ–ಬಡ್ಡಿಯ ಮಾತು, ಯಾರು ಯಾರನ್ನು ಏಕವಚನದಲ್ಲಿ ಕರೆಯುತ್ತಾರೆಂಬುದು. ಒಂದು ಓದಿಗೆ ಒಂದೇ ಇರಲಿ. ಎರಡು ಇಟ್ಟುಕೊಂಡರೆ ಓದು ಹೋಗಿ ಸಂಶೋಧನಾ ಪ್ರಬಂಧವಾಗುತ್ತದೆ.

ಕೆಲವನ್ನು ಬಾಯಿ ಬಿಟ್ಟು ಓದಬೇಕು

ದೇವನೂರ ಮಹಾದೇವರ ‘ಕುಸುಮಬಾಲೆ’ಯನ್ನು ಅರ್ಧಕ್ಕೇ ಕೆಳಗಿಟ್ಟವರು ನಮ್ಮ ನಡುವೆ ಧಾರಾಳವಾಗಿದ್ದಾರೆ. ನಂಜನಗೂಡು ಸೀಮೆಯ ಆಡುಮಾತು, ಮಾತಾಡುವ ಜೋತಮ್ಮಂದಿರು (ದೀಪದ ಜೀವಗಳು), ಕಥೆ ಹೇಳುವ ಸೀದಾ ದಾರಿಯಲ್ಲದ ದಾರಿ. ಧಾರವಾಡದವರಿಗೋ ಮಂಗಳೂರಿನವರಿಗೋ ಮೊದಲ ಸಲ ಕಷ್ಟವಾದರೆ ಆಶ್ಚರ್ಯವಿಲ್ಲ. ಮತ್ತೆ ಹಿಡಿದಾಗ ಕಣ್ಣಲ್ಲಿ ಓದಬೇಡಿ. ಬಾಗಿಲು ಹಾಕಿಕೊಂಡು ಗಟ್ಟಿಯಾಗಿ, ನಿಧಾನಕ್ಕೆ, ದಿನಕ್ಕೆ ಎರಡು ಮೂರು ಪುಟ ಓದಿ. ಅಕ್ಷರದಲ್ಲಿ ಕಗ್ಗಂಟಾಗಿದ್ದ ಮಾತು ಕಿವಿಗೆ ಬಿದ್ದ ಕೂಡಲೇ ಮನುಷ್ಯರ ದನಿಯಾಗುತ್ತದೆ. ವಿದ್ವಾಂಸ ಎಲ್. ಬಸವರಾಜು ಅವರು ಈ ಗದ್ಯವನ್ನು ಪದ್ಯದ ಸಾಲುಗಳಾಗಿ ಒಡೆದು ಜೋಡಿಸಿದ ಪುಸ್ತಕವೂ ಬಂದಿದೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಗೊತ್ತಾಗದವರು ಅದನ್ನು ಪಕ್ಕದಲ್ಲಿಟ್ಟುಕೊಳ್ಳಬಹುದು.

ಮಾಸ್ತಿಯವರ ಕಥೆಗಳಿಗೂ ಇದೇ ಮದ್ದು. ಮೌನವಾಗಿ ಓದಿದಾಗ ಸಪ್ಪೆ ಎನಿಸಿದ ವಾಕ್ಯವನ್ನು ಮನೆಯ ಹಿರಿಯರೊಬ್ಬರ ಮುಂದೆ ಗಟ್ಟಿಯಾಗಿ ಓದಿ. ಅವರು ಎಲ್ಲಿ ತಲೆದೂಗುತ್ತಾರೆ ನೋಡಿ.

ಪೆನ್ಸಿಲ್, ತಾರೀಕು

ಪೆನ್ ಬೇಡ, ಶಾಯಿ ಹಿಂದಿನ ಪುಟಕ್ಕೆ ಹಾಯುತ್ತದೆ. ಮೃದುವಾದ ಪೆನ್ಸಿಲ್ ಸಾಕು. ಪ್ರತಿ ಓದು ಮುಗಿದಾಗ ಕೊನೆಯ ಖಾಲಿ ಹಾಳೆಯಲ್ಲಿ ತಿಂಗಳು, ವರ್ಷ, ಊರು, ಈ ಸಲ ಇಟ್ಟುಕೊಂಡಿದ್ದ ಕೆಲಸ ಇಷ್ಟನ್ನು ಬರೆಯಿರಿ. ಅಭಿಪ್ರಾಯ ಬರೆಯಬೇಕಾದರೆ ಎರಡು ಸಾಲು ಮೀರಬೇಡಿ. ಹಳೆಯ ಗುರುತುಗಳನ್ನು ಅಳಿಸಬೇಡಿ. ಯೌವನದಲ್ಲಿ ಅಡಿಗೆರೆ ಎಳೆದ ‘ಜೀವನವೆಂದರೆ’ ಎಂದು ಶುರುವಾಗುವ ವಾಕ್ಯಗಳು ಈಗ ಮುಜುಗರ ತರಿಸಬಹುದು. ತರಿಸಲಿ, ಅದೂ ಒಂದು ಓದಿನ ದಾಖಲೆ.

ಎಷ್ಟು ಅಂತರ ಬಿಡಬೇಕು

ಇದಕ್ಕೆ ನಿಯಮವಿಲ್ಲ. ಹೆಸರುಗಳು ಮಸುಕಾಗಿ, ಆದರೆ ಒಟ್ಟು ಕಥೆ ಇನ್ನೂ ನೆನಪಿನಲ್ಲಿರುವಾಗ ಕಾದಂಬರಿಗೆ ಒಳ್ಳೆಯ ಹೊತ್ತು. ಕವಿತೆಗೆ ಅಂತರವೇ ಬೇಡ. ‘ಮಂಕುತಿಮ್ಮನ ಕಗ್ಗ’ದಲ್ಲಿ 945 ಪದ್ಯಗಳಿವೆ, ದಿನಕ್ಕೊಂದರಂತೆ ಓದಿದರೆ ಒಂದು ಸುತ್ತು ಮುಗಿಯಲು ಎರಡೂವರೆ ವರ್ಷ ದಾಟುತ್ತದೆ. ಅಷ್ಟರಲ್ಲಿ ಮೊದಲ ಪದ್ಯ ಹೊಸದಾಗಿರುತ್ತದೆ, ಮತ್ತೆ ಶುರು ಮಾಡಬಹುದು. ದಿನಾ ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಬಂದು ಬೀಳುವ ಬಿಡಿ ಕಗ್ಗಗಳನ್ನು ನಾನು ಇದರಲ್ಲಿ ಸೇರಿಸುವುದಿಲ್ಲ.

ಪುಸ್ತಕ ಕೈಕೊಟ್ಟರೆ

ಹದಿನಾರರಲ್ಲಿ ಅತ್ತು ಓದಿದ ಪುಸ್ತಕದ ವಿಷಯಕ್ಕೆ ಬರೋಣ. ಅದನ್ನು ತೆರೆದು ಮೂವತ್ತು ಪುಟ ಓದಿದ ಮೇಲೆ ‘ಇದಕ್ಕಾಗಿಯೇ ಅತ್ತಿದ್ದೆನೇ’ ಅನ್ನಿಸುವುದುಂಟು. ನಾಯಕ ಒರಟನಂತೆ ಕಾಣುತ್ತಾನೆ, ನಾಯಕಿಗೆ ಬಾಯೇ ಇಲ್ಲ, ಪುಟಗಟ್ಟಲೆ ವರ್ಣನೆ. ಹೀಗಾದಾಗ ಎರಡು ದಾರಿ. ಅಲ್ಲಿಗೇ ನಿಲ್ಲಿಸಿ ಕಪಾಟಿಗೆ ಸೇರಿಸಬಹುದು. ಮುಗಿಸಲೇಬೇಕೆಂಬ ಹಟ ಮರುಓದಿನಲ್ಲಿ ಅರ್ಥವಿಲ್ಲದ್ದು. ಇಲ್ಲವೇ ಕೆಲಸವನ್ನೇ ಬದಲಿಸಿ, ಆಗ ಯಾವ ಸಾಲಿಗೆ ಕಣ್ಣು ತುಂಬಿತ್ತೋ ಆ ಸಾಲನ್ನು ಹುಡುಕಿಕೊಂಡು ಹೋಗಬಹುದು. ಸಿಕ್ಕಿದಾಗ ಅದು ಸಾಧಾರಣ ಸಾಲೇ ಆಗಿರುತ್ತದೆ. ಅದರ ಸುತ್ತ ಆ ವರ್ಷ ಮನೆಯಲ್ಲಿ ಏನು ನಡೆದಿತ್ತು, ಯಾರು ಊರು ಬಿಟ್ಟಿದ್ದರು ಎಂಬುದು ನೆನಪಾಗುತ್ತದೆ.

ಎರಡನೇ ಸಲ ಮೇಲೇಳುವ ಪುಸ್ತಕಗಳೂ ಇವೆ. ‘ಮೂಕಜ್ಜಿಯ ಕನಸುಗಳು’ ಅಂಥದ್ದು. 1968ರ ಈ ಕಾದಂಬರಿಗೆ 1977ರಲ್ಲಿ ಜ್ಞಾನಪೀಠ ಬಂದ ಮೇಲೆ ಅದನ್ನು ಓದಬೇಕಾದ ಪುಸ್ತಕವೆಂದು ಓದಿದವರೇ ಜಾಸ್ತಿ. ಎಳೆಯರಿಗೆ ಅದರಲ್ಲಿ ಘಟನೆಗಳೇ ಇಲ್ಲ, ಅಜ್ಜಿ ಮತ್ತು ಮೊಮ್ಮಗ ಸುಬ್ಬರಾಯ ಮಾತಾಡುತ್ತಲೇ ಇರುತ್ತಾರೆ. ನಡುವಯಸ್ಸಿನಲ್ಲಿ ತೆರೆದರೆ ದೇವರು, ದಾಂಪತ್ಯ, ಸಾವು ಈ ಯಾವುದರ ಬಗ್ಗೆಯೂ ಅಜ್ಜಿ ದನಿ ತಗ್ಗಿಸಿ ಮಾತಾಡುವುದಿಲ್ಲವೆಂಬುದೇ ಬೆರಗು ಹುಟ್ಟಿಸುತ್ತದೆ. ಹಿಂದೆ ಬೇಸರ ತಂದಿದ್ದ ಒಂದು ಪುಸ್ತಕವನ್ನಾದರೂ ನಿಮ್ಮ ಮರುಓದಿನ ಸಾಲಿನಲ್ಲಿ ಇಟ್ಟುಕೊಳ್ಳಿ.

ಜೊತೆಗಿಷ್ಟು ಜನ

ಒಂದೇ ಪುಸ್ತಕವನ್ನು ಇಬ್ಬರು ಮತ್ತೆ ಓದುವುದಾದರೆ ಇಬ್ಬರಿಗೂ ಬೇರೆ ಬೇರೆ ಕೆಲಸವಿರಲಿ. ಅಕ್ಕ ಕ್ಯಾಲಿಫೋರ್ನಿಯಾದಲ್ಲಿ, ತಮ್ಮ ಹಾಸನದಲ್ಲಿ ಇದ್ದರೂ ಆದೀತು: ಇವನು ಚಂದ್ರಿಯನ್ನು ಹಿಡಿಯಲಿ, ಅವಳು ಆಚಾರ್ಯರ ಕಾಯಿಲೆಯ ಹೆಂಡತಿ ಭಾಗೀರಥಿಯನ್ನು ಹಿಡಿಯಲಿ, ಭಾನುವಾರದ ಫೋನಿನಲ್ಲಿ ಇಬ್ಬರ ಪಟ್ಟಿಯನ್ನೂ ಓದಿಕೊಳ್ಳಲಿ. ಪುಸ್ತಕ ಹೇಗಿದೆ ಎಂಬ ಪ್ರಶ್ನೆಗಿಂತ ಇಂಥ ಪಟ್ಟಿಯಿಂದ ಮಾತು ಹೆಚ್ಚು ಹೊತ್ತು ನಡೆಯುತ್ತದೆ.

ಎರವಲಿನ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ನಿಮ್ಮ ಗುರುತು, ತಾರೀಕು, ನಕ್ಷೆ ಎಲ್ಲ ಇರುವ ಪ್ರತಿಯನ್ನು ಯಾರಿಗೂ ಕೊಡಬೇಡಿ. ಕೊಡಲೆಂದೇ ಇನ್ನೊಂದು ಪ್ರತಿ ತಂದಿಟ್ಟುಕೊಳ್ಳಿ. ಅದು ವಾಪಸ್ ಬರುವುದಿಲ್ಲ ಎಂದು ಲೆಕ್ಕ ಹಾಕಿಯೇ ತನ್ನಿ.